ಊರಿನ ವಿಪತ್ತು ಸಿದ್ಧತೆ: ಲೆಕ್ಕ ಕೊನೆಯ ಮನೆಯಿಂದ ಶುರುವಾಗಲಿ

1985ರ ನವೆಂಬರ್ 13ರ ರಾತ್ರಿ ಕೊಲಂಬಿಯಾದ ನೆವಾಡೊ ದೆಲ್ ರುಯಿಸ್ ಜ್ವಾಲಾಮುಖಿ ಸಿಡಿದಾಗ ಸುಮಾರು 9 ಗಂಟೆ. ಶಿಖರದ ಹಿಮ ಕರಗಿ, ಬೂದಿ ಬೆರೆತು ಕೆಸರಾಗಿ, ಕಣಿವೆಯುದ್ದಕ್ಕೂ ಇಳಿದು ಆರ್ಮೆರೊ ಪಟ್ಟಣವನ್ನು ಮುಟ್ಟಿದ್ದು ಹನ್ನೊಂದೂವರೆ ಹೊತ್ತಿಗೆ. ನಡುವೆ ಎರಡು ಗಂಟೆಗೂ ಹೆಚ್ಚು ಸಮಯವಿತ್ತು. ಯಾವ ಜಾಗಕ್ಕೆ ಕೆಸರು ನುಗ್ಗೀತು ಎಂದು ತೋರಿಸುವ ನಕ್ಷೆ ತಿಂಗಳ ಮೊದಲೇ ತಯಾರಾಗಿತ್ತು. ಎತ್ತರದ ನೆಲ ನಡೆದು ಮುಟ್ಟುವಷ್ಟು ಹತ್ತಿರವಿತ್ತು. ಆದರೂ ಆ ರಾತ್ರಿ ಸತ್ತವರು ಸುಮಾರು 23,000.

2004ರ ಡಿಸೆಂಬರ್ 26ರ ಸುನಾಮಿ ಇಂಡೋನೇಷ್ಯಾದ ಸಿಮೆಲೂವೆ ದ್ವೀಪಕ್ಕೆ ಬಡಿದದ್ದು ನೆಲ ನಡುಗಿದ ಕೆಲವೇ ನಿಮಿಷಗಳಲ್ಲಿ. ಅಲ್ಲಿ ಸೈರನ್ ಇರಲಿಲ್ಲ, ಫೋನಿನಲ್ಲಿ ಸಂದೇಶವೂ ಬರಲಿಲ್ಲ. ‘ನೆಲ ಜೋರಾಗಿ ನಡುಗಿ, ಕಡಲು ಹಿಂದೆ ಸರಿದರೆ ಗುಡ್ಡ ಹತ್ತು’ ಎಂಬ ಮಾತು ಮಾತ್ರ 1907ರ ಸುನಾಮಿಯ ಕಾಲದಿಂದ ಮನೆಮನೆಯಲ್ಲಿ ಉಳಿದಿತ್ತು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರಿದ್ದ ದ್ವೀಪದಲ್ಲಿ ಜೀವ ಕಳೆದುಕೊಂಡವರು ಏಳು ಮಂದಿ.

ಮುನ್ಸೂಚನೆ ಎಷ್ಟು ಬೇಗ ಬಂತು ಎಂಬುದರ ಜೊತೆಗೆ, ಬಂದ ಮೇಲೆ ಊರಿನ ಕೊನೆಯ ಮನುಷ್ಯ ಜಾಗ ಬಿಡಲು ಎಷ್ಟು ಹೊತ್ತು ಬೇಕು ಎಂಬುದೂ ಅಷ್ಟೇ ಮುಖ್ಯ. ಎರಡನೆಯದು ಊರಿನವರ ಕೈಯಲ್ಲೇ ಇದೆ. ಆದ್ದರಿಂದ ಟಾರ್ಚು, ಹಗ್ಗ, ಜಾಕೆಟ್ಟುಗಳ ಖರೀದಿಯಿಂದ ಶುರು ಮಾಡಬೇಡಿ. ಮೊದಲು ಬೇಕಾದದ್ದು ಕಾಗದ, ಪೆನ್ನು, ಗಡಿಯಾರ ಮತ್ತು ಅಳತೆ ಟೇಪು.

ನಡೆದು ನಕ್ಷೆ ಮಾಡಿ

ಐದಾರು ಜನ ಸೇರಿ ಊರನ್ನೋ ಬಡಾವಣೆಯನ್ನೋ ಪೂರ್ತಿ ಒಂದು ಸುತ್ತು ನಡೆಯಿರಿ. ಗುಂಪಿನಲ್ಲಿ ಹಳಬರೊಬ್ಬರು, ಹೆಂಗಸರು, ಒಬ್ಬ ವಿದ್ಯುತ್ ಕೆಲಸದವರು, ಸಾಧ್ಯವಾದರೆ ಗಾಲಿಕುರ್ಚಿ ಬಳಸುವವರೊಬ್ಬರು ಇರಲಿ. ಗಾಲಿಕುರ್ಚಿಗೆ ದಾಟಲಾಗದ ಮೆಟ್ಟಿಲು ಉಳಿದವರ ಕಣ್ಣಿಗೆ ಬೀಳುವುದೇ ಇಲ್ಲ.

ನಕ್ಷೆ ಕೈಯಲ್ಲಿ ಬರೆದದ್ದಾದರೂ ಸಾಕು. ಅದರಲ್ಲಿ ಇರಬೇಕಾದವು: ಹಿಂದೆ ನೀರು ನಿಂತ ಗೆರೆ, ಮೊದಲು ಮುಳುಗುವ ರಸ್ತೆ, ಕಟ್ಟಿಕೊಳ್ಳುವ ಮೋರಿ, ಮುಚ್ಚಳವಿಲ್ಲದ ಮ್ಯಾನ್‌ಹೋಲ್ ಮತ್ತು ಬಾವಿ, ಟ್ರಾನ್ಸ್‌ಫಾರ್ಮರ್, ಗ್ಯಾಸ್ ಮತ್ತು ರಾಸಾಯನಿಕ ದಾಸ್ತಾನು, ಬಿರುಕು ಬಿಟ್ಟ ಇಳಿಜಾರು, ಹಳೆಯ ಗೋಡೆ, ಒಂದೇ ಸೇತುವೆಯನ್ನು ನಂಬಿಕೊಂಡ ಓಣಿಗಳು. ಹಳೆಯ ನೆರೆಯ ಗುರುತನ್ನು ‘ಸೊಂಟದವರೆಗೆ ಬಂದಿತ್ತು’ ಎಂದು ಬರೆಯಬೇಡಿ. ಯಾರ ಸೊಂಟ? ಗೋಡೆಯ ಮೇಲೆ ತೋರಿಸಲು ಹೇಳಿ, ನೆಲದಿಂದ ಸೆಂಟಿಮೀಟರ್‌ನಲ್ಲಿ ಅಳೆದು, ವರ್ಷದೊಂದಿಗೆ ಬಣ್ಣದಲ್ಲಿ ಗೆರೆ ಎಳೆಯಿರಿ. ಇಬ್ಬರು ಬೇರೆಬೇರೆ ಎತ್ತರ ತೋರಿಸಿದರೆ ಮೇಲಿನದ್ದನ್ನೇ ಇಟ್ಟುಕೊಳ್ಳಿ.

ಎರಡನೆಯ ಸುತ್ತನ್ನು ಜೋರು ಮಳೆಯ ದಿನ, ಸುರಕ್ಷಿತವಾಗಿ ನಿಂತು ನೋಡಲು ಸಾಧ್ಯವಿರುವ ಕಡೆ ಮಾತ್ರ ಮಾಡಿ. ಬಿಸಿಲಿನಲ್ಲಿ ಒಳ್ಳೆಯ ದಾರಿಯಂತೆ ಕಾಣುವ ಎಷ್ಟೋ ಕಾಲ್ದಾರಿಗಳು ಮಳೆಯಲ್ಲಿ ಹಳ್ಳಗಳೇ ಆಗಿರುತ್ತವೆ.

ನಿಧಾನಸ್ಥರ ಪಟ್ಟಿ, ಜೊತೆಗಾರರ ಪಟ್ಟಿ

ಒಬ್ಬರೇ ನಡೆಯಲಾಗದವರು, ಕಿವಿ ಕೇಳದವರು, ಕಣ್ಣು ಕಾಣದವರು, ತುಂಬು ಗರ್ಭಿಣಿಯರು, ಬಾಣಂತಿಯರು, ಆಮ್ಲಜನಕ ಯಂತ್ರ ಅಥವಾ ಡಯಾಲಿಸಿಸ್ ನಂಬಿದವರು, ಹಗಲು ಮಕ್ಕಳ ಜೊತೆ ಒಬ್ಬರೇ ಇರುವ ಅಜ್ಜ-ಅಜ್ಜಿಯರು: ಇಂಥ ಪ್ರತಿಯೊಬ್ಬರಿಗೂ ಅದೇ ಓಣಿಯ ಇಬ್ಬರು ಜೊತೆಗಾರರನ್ನು ಹೆಸರಿಸಿ. ಒಬ್ಬರನ್ನಷ್ಟೇ ಗೊತ್ತು ಮಾಡಿದರೆ ಅವರು ಊರಲ್ಲಿಲ್ಲದ ದಿನವೇ ನೀರು ಬರುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು ಎಂದರೆ ಪಟ್ಟಿ ರಾತ್ರಿಗೆ ಮಾತ್ರ ಹೊಂದುವುದು. ಗಟ್ಟಿಮುಟ್ಟಾದವರೆಲ್ಲ ಹಗಲು ಕೆಲಸಕ್ಕೆ ಹೋಗಿರುತ್ತಾರೆ. ಹಗಲಿಗೆ ಒಂದು, ರಾತ್ರಿಗೆ ಒಂದು ಪಟ್ಟಿ ಮಾಡಿ. ಯಾರನ್ನು ಹೇಗೆ ಎತ್ತಬೇಕು, ಯಾವ ಮಾತ್ರೆ ಜೊತೆಗೆ ಹೋಗಬೇಕು ಎಂಬುದನ್ನು ಅವರನ್ನೇ ಕೇಳಿ ಬರೆಯಿರಿ. ಈ ಪಟ್ಟಿಯನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಯಾರ ಮನೆಯಲ್ಲಿ ಯಾರು ಒಂಟಿಯಾಗಿದ್ದಾರೆ ಎಂಬ ಮಾಹಿತಿ ಅದು. ಕಾಗದದ ಮೇಲೆ, ಗೊತ್ತುಮಾಡಿದ ಇಬ್ಬರ ಬಳಿ ಇದ್ದರೆ ಸಾಕು.

ಗಂಟೆಯ ಲೆಕ್ಕ

ಇಡೀ ಯೋಜನೆಯ ತಿರುಳು ಇದು. ಉದಾಹರಣೆಗೆ ನದಿ ದಂಡೆಯ ಊರೊಂದನ್ನು ತೆಗೆದುಕೊಳ್ಳಿ:

- ಅಪಾಯ ಕಂಡವರು ಫೋನ್ ಮಾಡಿ ‘ಹೊರಡಿ’ ಎಂಬ ತೀರ್ಮಾನ ಆಗಲು 15 ನಿಮಿಷ
- ಸುದ್ದಿ ಕೊನೆಯ ಮನೆ ಮುಟ್ಟಲು 20 ನಿಮಿಷ
- ಮನೆಯವರು ಎದ್ದು, ಕಟ್ಟಿಕೊಂಡು, ಬಾಗಿಲು ದಾಟಲು 20 ನಿಮಿಷ
- ಅತಿ ನಿಧಾನದವರು 800 ಮೀಟರ್ ನಡೆಯಲು, ಸೆಕೆಂಡಿಗೆ ಅರ್ಧ ಮೀಟರ್‌ನಂತೆ, 27 ನಿಮಿಷ

ಒಟ್ಟು 82 ನಿಮಿಷ. ಕತ್ತಲೆ, ಮಳೆ, ಗಾಬರಿಗೆಂದು ಇದರ ಅರ್ಧದಷ್ಟು ಸೇರಿಸಿದರೆ ಎರಡು ಗಂಟೆ. ಈಗ ಕೇಳಿಕೊಳ್ಳಬೇಕಾದ ಪ್ರಶ್ನೆ: ನೀರು ದಾರಿಗೆ ಬರುವ ಎರಡು ಗಂಟೆ ಮೊದಲು ನಮಗೆ ಗೊತ್ತಾಗುತ್ತದೆಯೇ?

ನೀರು *ಮನೆಗೆ* ಬರುವ ಹೊತ್ತನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ ಎಲ್ಲವೂ ತಪ್ಪುತ್ತದೆ. ಬಹಳ ಕಡೆ ಮನೆಗಿಂತ ಮೊದಲು ಮುಳುಗುವುದು ಹೊರಹೋಗುವ ರಸ್ತೆಯ ತಗ್ಗು. ರಭಸದ ನೀರು 15 ಸೆಂ.ಮೀ. ಇದ್ದರೂ ದೊಡ್ಡವರನ್ನು ಬೀಳಿಸಬಲ್ಲದು, 30 ಸೆಂ.ಮೀ. ಇದ್ದರೆ ಸಣ್ಣ ಕಾರು ತೇಲುತ್ತದೆ, 60 ಸೆಂ.ಮೀ.ಗೆ ಹೆಚ್ಚಿನ ವಾಹನಗಳು ಕೊಚ್ಚಿಹೋಗುತ್ತವೆ. ರಸ್ತೆ ಮುಳುಗಿದ ಮೇಲೆ ಮನೆ ಒಣಗಿದ್ದರೂ ಜನ ಸಿಕ್ಕಿಬಿದ್ದಂತೆಯೇ.

ನದಿಗೆ ನೀರಿನ ಮಟ್ಟ ತೋರಿಸುವ ಅಳತೆಪಟ್ಟಿ ಬರೆಯಿರಿ. ಸೇತುವೆಯ ಕಂಬ ಇದಕ್ಕೆ ಒಳ್ಳೆಯ ಜಾಗ. ನದಿಪಾತ್ರದಲ್ಲಿ ನೆಟ್ಟ ಗೂಟ ಮೊದಲ ಪ್ರವಾಹಕ್ಕೇ ಕಿತ್ತುಹೋಗುತ್ತದೆ. 10 ಸೆಂ.ಮೀ.ಗೊಂದು ಗೆರೆ, ದೊಡ್ಡ ಅಂಕಿಗಳು, ರಾತ್ರಿ ಟಾರ್ಚಿನ ಬೆಳಕಿಗೆ ಹೊಳೆಯುವ ಟೇಪು. ಓದುವವರು ದಂಡೆಗೆ ಇಳಿಯದೆ, ದೂರದಿಂದಲೇ ಓದುವಂತಿರಬೇಕು. ಹಿಂದಿನ ನೆರೆಗಳಲ್ಲಿ ನೀರು ಗಂಟೆಗೆ 40 ಸೆಂ.ಮೀ. ಏರಿದ್ದರೆ, ನಮಗೆ ಎರಡು ಗಂಟೆ ಬೇಕಾದ್ದರಿಂದ, ರಸ್ತೆ ಮುಳುಗುವ ಮಟ್ಟಕ್ಕಿಂತ 80 ಸೆಂ.ಮೀ. ಕೆಳಗೆ ಕೆಂಪು ಗೆರೆ ಬರುತ್ತದೆ. ಅದಕ್ಕಿಂತ ಇನ್ನೂ 40 ಸೆಂ.ಮೀ. ಕೆಳಗೆ ಹಳದಿ. ಹಳದಿ ಮುಟ್ಟಿದರೆ ನಿಧಾನಸ್ಥರ ಪಟ್ಟಿಯವರೂ ಜಾನುವಾರುಗಳೂ ಹೊರಡಬೇಕು. ಕೆಂಪು ಮುಟ್ಟಿದರೆ ಎಲ್ಲರೂ. ‘ಹಳದಿ ಎಂದರೆ ಎಚ್ಚರ’ ಎಂದು ಬರೆದರೆ ಯಾರೂ ಕದಲುವುದಿಲ್ಲ. ಪ್ರತಿ ಗೆರೆಯ ಎದುರು ಒಂದು ಕೆಲಸ, ಅದನ್ನು ಮಾಡುವವರ ಹೆಸರು ಇರಲಿ.

ಕಡಿದಾದ ಕಣಿವೆಗಳಲ್ಲಿ ನೀರು ಇಷ್ಟು ಪುರುಸೊತ್ತು ಕೊಡುವುದಿಲ್ಲ. ಅಲ್ಲಿ ನದಿಯ ಮೇಲ್ಭಾಗದ ಊರಿನ ಇಬ್ಬರ ಜೊತೆ ಫೋನ್ ಒಪ್ಪಂದ ಮಾಡಿಕೊಳ್ಳಿ, ಜೊತೆಗೆ ಮಳೆ ಅಳೆಯಿರಿ. ನೇರ ಗೋಡೆಯ, ಚಪ್ಪಟೆ ತಳದ ಯಾವ ಡಬ್ಬವಾದರೂ ಆಗುತ್ತದೆ; ಒಳಗೆ ನಿಂತ ನೀರಿನ ಎತ್ತರವೇ ಮಿಲಿಮೀಟರ್ ಲೆಕ್ಕದ ಮಳೆ. ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ ಮಾಡುವುದಾದರೆ ಅದರ ತಳ ಉಬ್ಬುತಗ್ಗಾಗಿರುತ್ತದೆ. ತಳಕ್ಕೆ ಸಣ್ಣ ಕಲ್ಲು ಹಾಕಿ, ಗೋಡೆ ನೇರವಾಗುವ ಜಾಗದವರೆಗೆ ನೀರು ತುಂಬಿ, ಅಲ್ಲಿಂದ ಸೊನ್ನೆ ಎಣಿಸಿ. ಕಲ್ಲಿನಿಂದ ಬಾಟಲಿ ಗಾಳಿಗೆ ಬೀಳುವುದೂ ತಪ್ಪುತ್ತದೆ. ಕಲ್ಲುಗಳು ಸೊನ್ನೆ ಗೆರೆ ದಾಟಬಾರದು. ಕತ್ತರಿಸಿದ ಮೇಲ್ಭಾಗವನ್ನು ತಲೆಕೆಳಗಾಗಿ ಆಲಿಕೆಯಂತೆ ಕೂರಿಸಬಹುದು, ಅದರ ಬಾಯಿ ಬಾಟಲಿಯಷ್ಟೇ ಅಗಲವಿದ್ದರೆ ಮಾತ್ರ. ಅಗಲದ ಆಲಿಕೆ ಇಟ್ಟರೆ ಮಳೆ ಹೆಚ್ಚಾಗಿ ತೋರಿಸುತ್ತದೆ. ಮರ ಮತ್ತು ಸೂರಿನಿಂದ ದೂರವಿಡಿ. ಒಂದೆರಡು ಮಳೆಗಾಲದ ಅಂಕಿಗಳನ್ನು ಬರೆದಿಟ್ಟರೆ, ಎಷ್ಟು ಮಳೆಗೆ ಯಾವ ಹಳ್ಳ ತುಂಬುತ್ತದೆ ಎಂಬುದು ತಾನಾಗಿ ಗೊತ್ತಾಗುತ್ತದೆ.

ಇಳಿಜಾರಿನಲ್ಲಿ ಬಿರುಕು ಕಂಡರೆ ಅದರ ಎರಡೂ ಬದಿಗೆ ಒಂದೊಂದು ಗೂಟ ಹೊಡೆದು, ನಡುವಿನ ಅಂತರವನ್ನು ಪ್ರತಿದಿನ ಟೇಪಿನಲ್ಲಿ ಅಳೆಯಿರಿ. ಅಂತರ ಹಿಗ್ಗುತ್ತಿದ್ದರೆ ಅಳತೆ ನಿಲ್ಲಿಸಿ ಕೆಳಗಿನ ಮನೆಗಳನ್ನು ಖಾಲಿ ಮಾಡಿಸಿ. ಒರತೆ ಇದ್ದಕ್ಕಿದ್ದಂತೆ ಕೆಸರಾಗುವುದು, ಮರ ಮತ್ತು ಕಂಬಗಳು ವಾಲುವುದು, ಸಲೀಸಾಗಿದ್ದ ಬಾಗಿಲು ಚೌಕಟ್ಟಿಗೆ ಬಿಗಿಯುವುದು ಇವೂ ನೆಲ ಜರುಗುತ್ತಿರುವ ಗುರುತುಗಳು. ಮಳೆ ಸುರಿಯುತ್ತಿರುವಾಗಲೇ ಹಳ್ಳದ ನೀರು ಧಿಡೀರನೆ ಇಳಿದರೆ ಖುಷಿಪಡಬೇಡಿ. ಮೇಲೆಲ್ಲೋ ಮಣ್ಣು ಕುಸಿದು ನೀರಿಗೆ ಅಡ್ಡ ನಿಂತಿರಬಹುದು, ಆ ಅಡ್ಡ ಒಡೆದಾಗ ಬರುವುದು ಗೋಡೆಯಷ್ಟೆತ್ತರದ ನೀರು. ಆ ಕ್ಷಣವೇ ದಂಡೆ ಬಿಡಿ.

‘ಹೊರಡಿ’ ಎನ್ನುವವರು ಯಾರು?

ಸಾಮಾನ್ಯವಾಗಿ ಹೆಚ್ಚು ಹೊತ್ತು ಪೋಲಾಗುವುದು ಇಲ್ಲಿ. 2011ರ ಮಾರ್ಚ್ 11ರಂದು ಜಪಾನಿನ ಇಶಿನೊಮಾಕಿಯ ಓಕಾವಾ ಪ್ರಾಥಮಿಕ ಶಾಲೆಯಲ್ಲಿ ಭೂಕಂಪದ ನಂತರ ಮಕ್ಕಳನ್ನು ಅಂಗಳದಲ್ಲಿ ನಿಲ್ಲಿಸಿ ಎಲ್ಲಿಗೆ ಹೋಗುವುದೆಂಬ ಚರ್ಚೆ ನಡೆಯಿತು. ಸುಮಾರು 50 ನಿಮಿಷ ಹಾಗೇ ಕಳೆದವು. ಶಾಲೆಯ ಹಿಂದೆಯೇ ಗುಡ್ಡವಿತ್ತು. ಸುನಾಮಿಗೆ 74 ಮಕ್ಕಳೂ 10 ಮಂದಿ ಶಿಕ್ಷಕರೂ ಬಲಿಯಾದರು. ಅದೇ ದಿನ ಜಪಾನಿನದೇ ಕಾಮಾಯಿಶಿ ಪಟ್ಟಣದಲ್ಲಿ, ಯಾರ ಅಪ್ಪಣೆಗೂ ಕಾಯದೆ ಎತ್ತರಕ್ಕೆ ಓಡುವ ಅಭ್ಯಾಸವಿದ್ದ ಸುಮಾರು 3,000 ಶಾಲಾಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಉಳಿದರು.

ಮೂರು ಹೆಸರು ಬರೆದಿಡಿ, ಕ್ರಮವಾಗಿ. ಮೊದಲನೆಯವರು ಹತ್ತು ನಿಮಿಷದಲ್ಲಿ ಸಿಗದಿದ್ದರೆ ಎರಡನೆಯವರು, ಅವರೂ ಸಿಗದಿದ್ದರೆ ಮೂರನೆಯವರು. ಗೆರೆ ಮುಟ್ಟಿದ ಮೇಲೆ ಸಭೆ ಸೇರುವಂತಿಲ್ಲ. ಗೆರೆ ಎಲ್ಲಿರಬೇಕು ಎಂಬ ಜಗಳವನ್ನೆಲ್ಲ ಬೇಸಿಗೆಯಲ್ಲೇ ಮುಗಿಸಿ. ‘ಸುಮ್ಮನೆ ಹೆದರಿಸಿದರು’ ಎಂದು ಬೈಸಿಕೊಳ್ಳುವ ಭಯ ಈ ಮೂವರನ್ನೂ ಕಾಡುತ್ತದೆ. ಹಾಗಾಗಿ ‘ಹತ್ತು ಸಲ ಹೊರಟರೆ ಏಳೆಂಟು ಸಲ ನೀರು ಬಾರದೇ ಇರಬಹುದು, ಆದರೂ ಹೊರಡುತ್ತೇವೆ’ ಎಂದು ಊರಿನವರಿಂದ ಮೊದಲೇ ಒಪ್ಪಿಗೆ ಪಡೆದಿರಿ. ಸರ್ಕಾರದ ಆದೇಶ ಮೊದಲೇ ಬಂದರೆ ಅದನ್ನೇ ಪಾಲಿಸಿ. ಬರುವ ತನಕ ಮಾತ್ರ ಕಾಯಬೇಡಿ.

ಸುದ್ದಿ ಸಾರಲು ಕನಿಷ್ಠ ಎರಡು ದಾರಿ ಕರೆಂಟು ಮತ್ತು ಮೊಬೈಲ್ ಟವರ್ ಇಲ್ಲದೆ ನಡೆಯುವಂಥವಾಗಿರಲಿ: ಬ್ಯಾಟರಿ ಮೆಗಾಫೋನ್, ಗಂಟೆ, ಬಾವುಟ, ಬಾಗಿಲು ತಟ್ಟುವವರು. 1970ರ ಚಂಡಮಾರುತದಲ್ಲಿ ಕಡಿಮೆಯೆಂದರೂ ಮೂರು ಲಕ್ಷ ಜನರನ್ನು ಕಳೆದುಕೊಂಡ ಬಾಂಗ್ಲಾದೇಶ 1972ರಲ್ಲಿ ಕಟ್ಟಿದ ಸ್ವಯಂಸೇವಕ ಪಡೆಯ ಸಾಮಾನುಗಳೂ ಬಹುಮಟ್ಟಿಗೆ ಇಂಥವೇ. ಹಾಗಿದ್ದೂ 1991ರ ಚಂಡಮಾರುತದಲ್ಲಿ ಸತ್ತವರಲ್ಲಿ ಹೆಂಗಸರೇ ಹೆಚ್ಚು. ಹೊರಡಲು ಮನೆಯವರ ಒಪ್ಪಿಗೆಗೆ ಕಾದದ್ದು, ಆಶ್ರಯತಾಣದಲ್ಲಿ ಮರೆ ಇಲ್ಲದಿದ್ದದ್ದು ಕಾರಣಗಳಲ್ಲಿ ಸೇರಿವೆ. ಬಾಗಿಲು ತಟ್ಟುವ ಪ್ರತಿ ಜೋಡಿಯಲ್ಲಿ ಒಬ್ಬ ಹೆಂಗಸು ಇರಲಿ.

ಸಾರುವ ಮಾತನ್ನು ಮೊದಲೇ ಬರೆದು, ಓದಿ ನೋಡಿ. ‘ಎಲ್ಲರೂ ಜಾಗರೂಕರಾಗಿರಿ’ ಎಂಬುದರಿಂದ ಏನೂ ಆಗದು. ‘ನದಿ ಕೆಂಪು ಗೆರೆ ಮುಟ್ಟಿದೆ. ಕೆಳಗಿನ ಓಣಿಯವರು ಈಗಲೇ ಹೊರಡಿ. ಮೇಲಿನ ಶಾಲೆಗೆ, ಪೂರ್ವದ ದಾರಿಯಲ್ಲಿ. ಸೇತುವೆ ಕಡೆ ಬೇಡ.’ ಏನಾಗಿದೆ, ಯಾರು, ಯಾವಾಗ, ಎಲ್ಲಿಗೆ, ಯಾವ ದಾರಿ: ಇಷ್ಟೂ ಇದರಲ್ಲಿದೆ.

ಆಶ್ರಯತಾಣ

ಕಟ್ಟಡ ಹಳೆಯ ನೆರೆ ಗೆರೆಗಿಂತ ಮೇಲಿರಬೇಕು, ಬಿರುಕಿನ ಇಳಿಜಾರಿನ ಕೆಳಗೆ ಇರಕೂಡದು. ಒಬ್ಬರಿಗೆ ಸೂರಿನಡಿ 3.5 ಚದರ ಮೀಟರ್, ದಿನಕ್ಕೆ ಎಲ್ಲ ಬಳಕೆಗೂ ಸೇರಿ 15 ಲೀಟರ್ ನೀರು, ಮೊದಲ ದಿನಗಳಲ್ಲಿ 50 ಜನಕ್ಕೊಂದು ಶೌಚಾಲಯ, ಆಮೇಲೆ 20 ಜನಕ್ಕೊಂದು. ಇವು ಪರಿಹಾರ ಕೆಲಸದಲ್ಲಿ ಜಗತ್ತಿನಾದ್ಯಂತ ಬಳಸುವ ‘ಸ್ಫಿಯರ್’ ಕನಿಷ್ಠ ಮಟ್ಟಗಳು. ಹಾಗಾಗಿ 140 ಚದರ ಮೀಟರ್ ಸಭಾಂಗಣಕ್ಕೆ 40 ಜನ. ‘ಇನ್ನೂರು ಜನ ಹಿಡಿಸುತ್ತಾರೆ’ ಎಂಬುದು ಕುರ್ಚಿ ಹಾಕಿದಾಗಿನ ಲೆಕ್ಕ.

ಬೀಗದ ಕೈ ಎರಡು ಜೋಡಿ, ಎರಡು ಮನೆಗಳಲ್ಲಿ. ಹೆಂಗಸರಿಗೆ ಬೇರೆ ಕೋಣೆ, ಒಳಚಿಲಕವಿರುವ ಶೌಚಾಲಯ, ಅಲ್ಲಿಗೆ ಹೋಗುವ ದಾರಿಗೆ ದೀಪ. ಬಂದವರ ಹೆಸರು ಬರೆಯುವ ಪುಸ್ತಕ ಬಾಗಿಲಲ್ಲೇ ಇರಲಿ. ಅದಿಲ್ಲದಿದ್ದರೆ ಒಳಗೆ ಸುಖವಾಗಿರುವವರನ್ನು ಹುಡುಕಲು ಹೊರಗೆ ಜನ ನೀರಿಗಿಳಿಯುತ್ತಾರೆ. ಜಾನುವಾರುಗಳಿಗೆ ಎತ್ತರದ ಜಾಗ, ಮೇವು, ನೀರು ಗೊತ್ತುಮಾಡಿ. ದನಕರು ಬಿಟ್ಟು ಬರಲಾರೆ ಎಂದು ಉಳಿದುಕೊಳ್ಳುವವರನ್ನು ಬೈದು ಎಬ್ಬಿಸಲಾಗದು. ಬೇರೆ ದಾರಿಯಿಲ್ಲದಿದ್ದರೆ ಹಗ್ಗ ಬಿಚ್ಚಿ ಬಿಡಲು ಹೇಳಿ, ಕಟ್ಟಿಹಾಕಿದ ಪ್ರಾಣಿ ಈಜಲಾರದು.

ಮನೆಯಲ್ಲಿ

ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್‌ನಂತೆ ಮೂರು ದಿನದ ನೀರು. ಬೇಯಿಸದೆ ತಿನ್ನುವ ಆಹಾರ, ಒಂದು ವಾರದ ಮಾತ್ರೆ, ದಾಖಲೆಗಳ ಪ್ರತಿ ನೀರು ತಾಗದ ಚೀಲದಲ್ಲಿ, ಟಾರ್ಚು, ಬ್ಯಾಟರಿ ರೇಡಿಯೊ, ಸೀಟಿ. ಸೀಟಿಯನ್ನು ಜನ ಹಗುರವಾಗಿ ಕಾಣುತ್ತಾರೆ. ಅವಶೇಷದಡಿ ಸಿಕ್ಕವರ ಗಂಟಲು ಬೇಗ ಸೋಲುತ್ತದೆ, ಸೀಟಿ ಸೋಲದು.

ನೀರನ್ನು ಜೋರು ಕುದಿ ಬಂದ ಮೇಲೆ ಒಂದು ನಿಮಿಷ, 2,000 ಮೀಟರ್‌ಗಿಂತ ಎತ್ತರದ ಊರುಗಳಲ್ಲಿ ಮೂರು ನಿಮಿಷ ಕುದಿಸಿ. ಉರುವಲಿಲ್ಲದಿದ್ದರೆ, ಪರಿಮಳ ಬೆರೆಸದ 5-6 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ಇರುವ ಬ್ಲೀಚ್ ದ್ರಾವಣ ತಿಳಿನೀರಿಗೆ ಲೀಟರಿಗೆ 2 ಹನಿ. ಕಲಕಿ 30 ನಿಮಿಷ ಬಿಡಿ. ಕದಡಿದ ನೀರನ್ನು ಬಟ್ಟೆಯಲ್ಲಿ ಸೋಸಿ 4 ಹನಿ ಹಾಕಿ. ಕೊನೆಗೆ ಕ್ಲೋರಿನ್‌ನ ಸಣ್ಣ ವಾಸನೆ ಇರಬೇಕು. ಇಲ್ಲದಿದ್ದರೆ ಅಷ್ಟೇ ಹನಿ ಮತ್ತೊಮ್ಮೆ ಹಾಕಿ 15 ನಿಮಿಷ ಕಾಯಿರಿ. ಇದರಿಂದ ಸಾಯುವುದು ರೋಗಾಣು ಮಾತ್ರ. ಕೀಟನಾಶಕ, ಪೆಟ್ರೋಲು ಬೆರೆತ ನೀರು ಕುದಿಸಿದರೂ ಕ್ಲೋರಿನ್ ಹಾಕಿದರೂ ಕುಡಿಯಲು ಬರುವುದಿಲ್ಲ.

ಜನರೇಟರನ್ನು ಮನೆಯೊಳಗೆ, ವರಾಂಡದಲ್ಲಿ ಓಡಿಸಬೇಡಿ. ಕಿಟಕಿ ಬಾಗಿಲುಗಳಿಂದ 6 ಮೀಟರಾದರೂ ದೂರವಿಡಿ. ಅದು ಉಗುಳುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರು ಏಳುವುದೇ ಇಲ್ಲ.

ಅಪಾಯವನ್ನೇ ತಗ್ಗಿಸುವ ಕೆಲಸ

2010ರ ಜನವರಿಯಲ್ಲಿ ಹೈಟಿಗೆ ಬಡಿದ ಭೂಕಂಪದ ತೀವ್ರತೆ 7.0, ಸತ್ತವರು ಲಕ್ಷ ಮೀರಿದ್ದರು. ಮರುತಿಂಗಳು ಚಿಲಿಯಲ್ಲಿ 8.8, ಸತ್ತವರು ಸುಮಾರು 500. ಕೇಂದ್ರಬಿಂದು ರಾಜಧಾನಿಗೆ ಎಷ್ಟು ಹತ್ತಿರವಿತ್ತು ಎಂಬುದೂ ಒಂದು ಕಾರಣ. ಆದರೆ ದೊಡ್ಡ ಕಾರಣ, ಚಿಲಿಯಲ್ಲಿ ಕಟ್ಟಡ ನಿಯಮಗಳು ಕಾಗದದಿಂದ ಗೋಡೆಗೆ ಇಳಿದಿದ್ದವು. ಹೊಸ ಮನೆ ಕಟ್ಟುವಾಗ ಕಂಬ ಮತ್ತು ತೊಲೆ ಸೇರುವಲ್ಲಿ ಸರಳಿನ ಉಂಗುರಗಳು ಒತ್ತೊತ್ತಾಗಿ, ತುದಿಗಳು ಒಳಕ್ಕೆ ಬಾಗಿ ಇವೆಯೇ ಎಂದು ಕಾಂಕ್ರೀಟು ಸುರಿಯುವ *ಮೊದಲು* ಎಂಜಿನಿಯರಿಗೆ ತೋರಿಸಿ. ಕೆಳಗೆ ವಾಹನಕ್ಕೆಂದು ಬರೀ ಕಂಬಗಳ ಮೇಲೆ ಎತ್ತಿದ ಕಟ್ಟಡ ನಡುಕಕ್ಕೆ ಮೊದಲು ಕುಸಿಯುವುದು ಆ ಖಾಲಿ ಅಂತಸ್ತಿನಲ್ಲೇ. ಹಳೆಯ ಮನೆಯಲ್ಲಿ ಇಂದೇ ಮಾಡಬಹುದಾದದ್ದು: ಕಪಾಟುಗಳನ್ನು ಎಲ್ ಆಕಾರದ ಪಟ್ಟಿಯಿಂದ ಗೋಡೆಗೆ ಬಿಗಿಯುವುದು, ಮಂಚದ ಮೇಲ್ಭಾಗದ ಭಾರ ತೆಗೆಯುವುದು. ನಡುಗುವಾಗ ಓಡದೆ, ಗಟ್ಟಿ ಮೇಜಿನಡಿ ಕುಗ್ಗಿ ತಲೆ ಮುಚ್ಚಿ ಅದರ ಕಾಲು ಹಿಡಿದುಕೊಳ್ಳಿ. ಕಡಲ ದಂಡೆಯಲ್ಲಿದ್ದರೆ ನಡುಕ ನಿಂತ ಕೂಡಲೇ ಎತ್ತರಕ್ಕೆ.

ಬಿರುಗಾಳಿ ಶೀಟಿನ ಸೂರನ್ನು ಒತ್ತುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಎಳೆಯುತ್ತದೆ. ಮೇಲೆ ಕಲ್ಲು ಹೇರುವುದರಿಂದ ಪ್ರಯೋಜನ ಕಡಿಮೆ, ಆ ಕಲ್ಲೇ ಹಾರಿ ಬರುತ್ತದೆ. ಶೀಟು ಅದರಡಿಯ ರೀಪಿಗೆ, ರೀಪು ತೊಲೆಗೆ, ತೊಲೆ ಗೋಡೆಗೆ, ಗೋಡೆ ಅಡಿಪಾಯಕ್ಕೆ ಲೋಹದ ಪಟ್ಟಿಯಿಂದ ಬಿಗಿದಿರಬೇಕು. ಅಂಚು ಮತ್ತು ಮೂಲೆಗಳಲ್ಲಿ ಸೆಳೆತ ಜಾಸ್ತಿ, ಅಲ್ಲಿ ತಿರುಪುಗಳನ್ನು ಹತ್ತಿರ ಹತ್ತಿರ ಹಾಕಿಸಿ.

ಇಳಿಜಾರಿನ ಬುಡ ಕಡಿದು ಅಂಗಳ ಮಾಡುವುದನ್ನೂ, ಸ್ನಾನದ ನೀರನ್ನು ಇಳಿಜಾರಿಗೇ ಬಿಡುವುದನ್ನೂ ನಿಲ್ಲಿಸಿದರೆ ಎಷ್ಟೋ ಸಣ್ಣ ಕುಸಿತ ತಪ್ಪುತ್ತವೆ. ಚರಂಡಿ, ಮೋರಿಗಳ ಹೂಳನ್ನು ಮಳೆಗಾಲಕ್ಕೆ ಮೊದಲು ತೆಗೆಸಿ. ತೆಗೆದ ಹೂಳನ್ನು ಅಂಚಿನಲ್ಲೇ ರಾಶಿ ಹಾಕಿದರೆ ಮೊದಲ ಮಳೆಗೆ ಮತ್ತೆ ಒಳಗೆ.

ಮರಳು ಚೀಲಗಳನ್ನು ಅರ್ಧದಿಂದ ಮೂರನೇ ಎರಡು ಭಾಗ ಮಾತ್ರ ತುಂಬಿ. ಪೂರ್ತಿ ತುಂಬಿದ ಚೀಲ ಉರುಟಾಗಿ ನಡುವೆ ಸಂದು ಬಿಡುತ್ತದೆ. ಬಾಯಿ ಮಡಚಿ ಕೆಳಗೆ ಸೇರಿಸಿ, ಇಟ್ಟಿಗೆಯಂತೆ ಸಂದು ತಪ್ಪಿಸಿ ಜೋಡಿಸಿ, ಪ್ರತಿ ಸಾಲನ್ನೂ ತುಳಿದು ಚಪ್ಪಟೆ ಮಾಡಿ. ಎತ್ತರದ ಮೂರು ಪಟ್ಟು ತಳದ ಅಗಲ ಬೇಕು: 60 ಸೆಂ.ಮೀ. ಎತ್ತರಕ್ಕೆ 180 ಸೆಂ.ಮೀ. ಒಂದೇ ಸಾಲಿನ ಗೋಡೆ ಒತ್ತಡಕ್ಕೆ ಮಗುಚುತ್ತದೆ.

ಅಣಕು ಅಭ್ಯಾಸ

ವರ್ಷಕ್ಕೆರಡು ಸಲ. ಮೊದಲನೆಯದು ಹೇಳಿ ಮಾಡಿದ್ದು, ಹಗಲು. ಎರಡನೆಯದು ರಾತ್ರಿ, ದೀಪ ಆರಿಸಿ, ಒಂದು ತೊಡಕು ಸೇರಿಸಿ: ಸೇತುವೆ ಮುಚ್ಚಿದೆ, ಇಲ್ಲವೇ ಪಟ್ಟಿಯ ಮೊದಲ ಹೆಸರಿನವರು ಊರಲ್ಲಿಲ್ಲ. ಗಡಿಯಾರ ಹಿಡಿದವರು ಆಶ್ರಯತಾಣದ ಬಾಗಿಲಲ್ಲಿ ನಿಂತು ಕೊನೆಯವರು ಬಂದ ಹೊತ್ತನ್ನು ಬರೆಯಲಿ. ಮೊದಲು ಬಂದವರ ಹೊತ್ತಿನಿಂದ ಏನೂ ತಿಳಿಯದು. ಲೆಕ್ಕದಲ್ಲಿ ಎರಡು ಗಂಟೆ ಎಂದಿದ್ದು ಅಭ್ಯಾಸದಲ್ಲಿ ಎರಡೂವರೆ ಆದರೆ, ಅದೇ ವಾರ ಕೆಂಪು ಗೆರೆಯನ್ನು ಇನ್ನೂ 20 ಸೆಂ.ಮೀ. ಕೆಳಗೆ ಬರೆಯಿರಿ, ಹಳದಿಯನ್ನೂ ಅಷ್ಟೇ ಇಳಿಸಿ. ಫೋನ್ ನಂಬರುಗಳನ್ನೂ ಜೊತೆಗಾರರ ಪಟ್ಟಿಯನ್ನೂ ಅವತ್ತೇ ತಿದ್ದಿ, ತಾರೀಖು ಹಾಕಿ, ಹಳೆಯ ಪ್ರತಿಗಳನ್ನು ಹರಿದು ಹಾಕಿ.